ಲೇಸರ್ ಕತ್ತರಿಸಿದ್ದನ್ನು ಕೈಕೆಲಸ ಎನ್ನಬಹುದೇ?

ಪ್ರಶ್ನೆ: ಒಂಬತ್ತು ವರ್ಷಗಳಿಂದ ಮರದ ಸಣ್ಣ ಪೆಟ್ಟಿಗೆಗಳನ್ನು ಮಾಡಿ ಮಾರುತ್ತಿದ್ದೇನೆ. ಪೆಟ್ಟಿಗೆ ಗಟ್ಟಿಮರದ್ದು. ಮುಚ್ಚಳದ ಮೇಲೆ ತೆಳು ಹಲಗೆಯಲ್ಲಿ ಕೊರೆದ ಬಳ್ಳಿಯ ಜಾಲರಿ ಇರುತ್ತದೆ. ಅದನ್ನು ಇದುವರೆಗೂ ಸಣ್ಣ ಅಲಗಿನ ಕೈಗರಗಸದಲ್ಲೇ ಕೊರೆದಿದ್ದೇನೆ. ಒಂದು ಪೆಟ್ಟಿಗೆಗೆ ಸುಮಾರು ಐದು ಗಂಟೆ ಹಿಡಿಯುತ್ತದೆ, ಅದರಲ್ಲಿ ಎರಡು ಗಂಟೆ ಜಾಲರಿಗೇ ಹೋಗುತ್ತದೆ. ತಿಂಗಳಿಗೆ ಹನ್ನೆರಡಕ್ಕಿಂತ ಹೆಚ್ಚು ಆಗುವುದಿಲ್ಲ. ಒಂದು ವರ್ಷದಿಂದ ಮಣಿಕಟ್ಟು ನೋಯುತ್ತಿದೆ. ಲೇಸರ್ ಯಂತ್ರ ಕೊಳ್ಳಲೇ? ಕೊಂಡರೆ ‘ಕೈಯಿಂದ ಮಾಡಿದ್ದು’ ಎಂದು ಹೇಳಿಕೊಳ್ಳುವ ಹಕ್ಕು ನನಗೆ ಉಳಿಯುತ್ತದೆಯೇ? ಆನ್‌ಲೈನ್‌ನಲ್ಲಿ ನನ್ನದರಂತೆಯೇ ಕಾಣುವ ಪೆಟ್ಟಿಗೆಗಳು ನನ್ನ ಬೆಲೆಯ ಕಾಲುಭಾಗಕ್ಕೆ ಸಿಗುತ್ತಿವೆ. ಅವುಗಳ ಮುಂದೆ ಬೆಲೆ ಹೇಗೆ ನಿಗದಿ ಮಾಡಲಿ?

ಉತ್ತರ: ಮೊದಲು ಮಣಿಕಟ್ಟಿನ ಮಾತು. ಒಂದು ವರ್ಷದಿಂದ ನೋಯುತ್ತಿದೆ ಎಂದರೆ ಅದನ್ನು ದಣಿವು ಎಂದು ತಳ್ಳಿಹಾಕಬೇಡಿ. ಸಣ್ಣ ಗರಗಸವನ್ನು ಮೇಲೆ ಕೆಳಗೆ ಆಡಿಸುವ ಕೆಲಸದಲ್ಲಿ ಒಂದೇ ಸ್ನಾಯು, ಒಂದೇ ಕೀಲು ಗಂಟೆಗೆ ಸಾವಿರಾರು ಬಾರಿ ಒಂದೇ ರೀತಿ ದುಡಿಯುತ್ತವೆ. ವೈದ್ಯರಿಗೆ ತೋರಿಸಿ, ಯಂತ್ರದ ವಿಚಾರ ತೀರ್ಮಾನವಾಗುವ ತನಕ ಜಾಲರಿ ಕೊರೆಯುವುದನ್ನು ದಿನಕ್ಕೆ ಇಪ್ಪತ್ತು ಇಪ್ಪತ್ತೈದು ನಿಮಿಷದ ತುಂಡುಗಳಾಗಿ ಹಂಚಿಕೊಳ್ಳಿ. ಇಪ್ಪತ್ತೆರಡು ವರ್ಷಗಳಿಂದ ಮರದ ಕೆಲಸ ಮಾಡುತ್ತಿದ್ದೇನೆ. ಕೈ ಕೆಟ್ಟ ಮೇಲೆ ಈ ಕೆಲಸವನ್ನೇ ಬಿಟ್ಟವರನ್ನು ಹತ್ತಿರದಿಂದ ಕಂಡಿದ್ದೇನೆ, ಆದ್ದರಿಂದ ಇದನ್ನೇ ಮೊದಲು ಬರೆದೆ.

ಇನ್ನು ನೇರ ಉತ್ತರ. ಜಾಲರಿಯನ್ನು ಲೇಸರಿಗೆ ಕೊಡಿ. ಯಂತ್ರವನ್ನು ಈಗಲೇ ಕೊಳ್ಳಬೇಡಿ. ಕೊಟ್ಟ ಮೇಲೆ ಜಾಲರಿಯನ್ನು ‘ಕೈಯಲ್ಲಿ ಕೊರೆದದ್ದು’ ಎಂದು ಮಾತ್ರ ಹೇಳಬೇಡಿ. ಈ ಮೂರು ಮಾತಿಗೂ ಕಾರಣವಿದೆ.

ಯಾವ ಕೆಲಸವನ್ನು ಯಂತ್ರಕ್ಕೆ ಕೊಡಬಹುದು, ಯಾವುದನ್ನು ಕೊಡಬಾರದು ಎಂದು ತಿಳಿಯಲು ನಾನು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಈ ಕೆಲಸ ಹೇಗೆ ಮುಗಿಯಬೇಕು ಎಂಬುದು ಕೈ ಹಚ್ಚುವ ಮೊದಲೇ ತೀರ್ಮಾನವಾಗಿದೆಯೇ, ಅಥವಾ ಮಾಡುತ್ತ ಮಾಡುತ್ತ ತೀರ್ಮಾನವಾಗುತ್ತದೆಯೇ? ನಿಮ್ಮ ಜಾಲರಿಯನ್ನೇ ನೋಡಿ. ಬಳ್ಳಿಯ ಚಿತ್ರವನ್ನು ಕಾಗದದ ಮೇಲೆ ಬರೆಯುವಾಗ ನೀವು ನೂರು ತೀರ್ಮಾನ ಮಾಡಿದ್ದೀರಿ. ಎಲೆ ಎಷ್ಟು ಬಾಗಬೇಕು, ಎರಡು ಕಾಂಡ ಕೂಡುವ ಕಡೆ ಮರ ಎಷ್ಟು ಉಳಿಯಬೇಕು, ಎಲ್ಲಿ ಖಾಲಿ ಬಿಡಬೇಕು. ಆ ಕಾಗದವನ್ನು ಹಲಗೆಗೆ ಅಂಟಿಸಿದ ಮೇಲೆ ಗರಗಸಕ್ಕೆ ಉಳಿಯುವುದು ಗೆರೆ ತಪ್ಪದಂತೆ ಸಾಗುವುದಷ್ಟೇ. ಅದು ದೊಡ್ಡ ಕೌಶಲ, ಅನುಮಾನವಿಲ್ಲ. ಆದರೆ ಆ ಎರಡು ಗಂಟೆಯಲ್ಲಿ ನೀವು ಹೊಸದಾಗಿ ಏನನ್ನೂ ತೀರ್ಮಾನಿಸುತ್ತಿಲ್ಲ.

ಮುಚ್ಚಳ ಕೂರಿಸುವ ಕೆಲಸ ಹಾಗಲ್ಲ. ಮುಚ್ಚಳವನ್ನು ಪೆಟ್ಟಿಗೆಯ ಮೇಲಿಟ್ಟು ಬೆರಳಿನಿಂದ ಒತ್ತುತ್ತೀರಿ. ಒಂದು ಮೂಲೆ ಹಿಡಿಯುತ್ತದೆ. ತೆಗೆದು ಬೆಳಕಿಗೆ ಹಿಡಿದರೆ ಹಿಡಿದ ಜಾಗ ಹೊಳೆಯುತ್ತಿರುತ್ತದೆ. ಉಪ್ಪುಕಾಗದದಲ್ಲಿ ಆ ಹೊಳಪನ್ನಷ್ಟೇ ಎರಡು ಸಲ ಎಳೆದು ಮತ್ತೆ ಕೂರಿಸುತ್ತೀರಿ. ಐದನೆಯದೋ ಆರನೆಯದೋ ಸಲಕ್ಕೆ ಕೈ ಬಿಟ್ಟರೆ ಮುಚ್ಚಳ ತಾನಾಗಿಯೇ, ಒಳಗಿನ ಗಾಳಿಯನ್ನು ಮೆಲ್ಲಗೆ ಹೊರಗೆ ತಳ್ಳುತ್ತ ಇಳಿಯುತ್ತದೆ. ಎಷ್ಟು ಉಜ್ಜಬೇಕು ಎಂಬುದನ್ನು ಯಾವ ಚಿತ್ರದಲ್ಲೂ ಮೊದಲೇ ಬರೆದಿಡಲು ಆಗುವುದಿಲ್ಲ. ಆ ಮರ, ಆ ದಿನದ ತೇವ, ಆ ಮೂಲೆ ಅದನ್ನು ಹೇಳಬೇಕು, ನಿಮ್ಮ ಬೆರಳು ಕೇಳಿಸಿಕೊಳ್ಳಬೇಕು. ಹಲಗೆಯ ಯಾವ ಭಾಗದ ಗೆರೆ ಮುಚ್ಚಳದ ನಡುವೆ ಬರಬೇಕು, ಅಂಚನ್ನು ಎಷ್ಟು ಮೊಂಡು ಮಾಡಬೇಕು, ಎಣ್ಣೆ ಎಷ್ಟು ಕುಡಿಸಬೇಕು ಎಂಬುದೂ ಈ ಜಾತಿಯ ಕೆಲಸವೇ. ಇವನ್ನು ಯಂತ್ರಕ್ಕೆ ಕೊಟ್ಟರೆ ಕೆಡುತ್ತವೆ. ಗ್ರಾಹಕರು ಪೆಟ್ಟಿಗೆಯನ್ನು ಕೈಗೆತ್ತಿಕೊಂಡಾಗ ಅವರಿಗೆ ಹಿತವಾಗುವುದು ಬಹುಮಟ್ಟಿಗೆ ಈ ಕೆಲಸಗಳಿಂದಲೇ. ಒಂಬತ್ತು ವರ್ಷದಲ್ಲಿ ನಿಮ್ಮ ಮುಚ್ಚಳದ ಬಗ್ಗೆ ಎಷ್ಟು ಮಂದಿ ಮಾತನಾಡಿದ್ದಾರೆ, ಜಾಲರಿಯ ಕೊರೆತದ ಬಗ್ಗೆ ಎಷ್ಟು ಮಂದಿ ಎಂದು ನೆನಪು ಮಾಡಿಕೊಳ್ಳಿ.

ಹಕ್ಕಿನ ಪ್ರಶ್ನೆಗೆ ನನ್ನ ಅಭಿಪ್ರಾಯವೊಂದೇ ಸಾಲದು. ಮೋಸದ ವ್ಯಾಪಾರ ತಡೆಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಆಭರಣ ಮಾರುವವರಿಗೆಂದು ಹೊರಡಿಸಿರುವ ಮಾರ್ಗಸೂಚಿಯಲ್ಲಿ ‘ಕೈಯಿಂದ ಮಾಡಿದ್ದು’ ಎಂಬ ಮಾತಿಗೆ ಒಂದು ಅರ್ಥವಿವರಣೆ ಇದೆ. ಅದು ಆಭರಣಕ್ಕಷ್ಟೇ ಅನ್ವಯಿಸುತ್ತದೆ, ನಿಮ್ಮನ್ನು ಕಟ್ಟಿಹಾಕುವುದಿಲ್ಲ. ಆದರೂ ನಾನು ಕಂಡವುಗಳಲ್ಲಿ ಅತ್ಯಂತ ತೂಕದ ವಿವರಣೆ ಅದೇ. ಅದರ ಸಾರ ಇಷ್ಟು: ಕಚ್ಚಾ ವಸ್ತುವಿಗೆ ರೂಪ ಕೊಡುವುದರಿಂದ ಹಿಡಿದು ಅಂತಿಮ ಅಲಂಕಾರದವರೆಗೆ ಎಲ್ಲವೂ ಕೈದುಡಿಮೆಯಿಂದ ಅಥವಾ ಕೈ ಹಿಡಿತದಲ್ಲಿರುವ ವಿಧಾನದಿಂದ ಆಗಿರಬೇಕು. ಪ್ರತಿಯೊಂದು ವಸ್ತುವಿನ ಪ್ರತಿಯೊಂದು ಭಾಗದ ಆಕಾರವನ್ನೂ ಮಾಡುವವರು ಆಗಿಂದಾಗ ಬದಲಿಸಬಲ್ಲವರಾಗಿರಬೇಕು. ಗಮನಿಸಿ, ಇಲ್ಲಿ ವಿದ್ಯುತ್ ಬಳಸಬಾರದು ಎಂದಿಲ್ಲ. ಮೋಟಾರಿನಿಂದ ತಿರುಗುವ ಕಡಸಲು ಯಂತ್ರದ (ಲೇತ್) ಮುಂದೆ ಉಳಿ ಹಿಡಿದವರು ಈ ಅಳತೆಗೋಲಿನಲ್ಲಿ ಗೆಲ್ಲುತ್ತಾರೆ, ಏಕೆಂದರೆ ಉಳಿ ಅವರ ಕೈಯಲ್ಲಿದೆ. ಗುಂಡಿ ಒತ್ತಿದ ಮೇಲೆ ಫೈಲಿನಲ್ಲಿರುವುದನ್ನೇ ಕತ್ತರಿಸುವ ಲೇಸರ್ ಗೆಲ್ಲುವುದಿಲ್ಲ. ಈ ಗೆರೆ ನ್ಯಾಯವಾದ ಗೆರೆ ಎಂದೇ ನನಗೆ ಅನ್ನಿಸುತ್ತದೆ.

ಹಾಗಾದರೆ ಏನೆಂದು ಹೇಳಬೇಕು? ಇದ್ದದ್ದನ್ನು ಇದ್ದ ಹಾಗೆ ಹೇಳಿ. ನನ್ನ ಪೆಟ್ಟಿಗೆಗಳ ಜೊತೆ ಇಡುವ ಚೀಟಿಯಲ್ಲಿ ಹೀಗೆ ಬರೆದಿರುತ್ತದೆ: ‘ಚಿತ್ರ ಬರೆದದ್ದು ನಾನೇ. ಜಾಲರಿಯನ್ನು ಲೇಸರಿನಲ್ಲಿ ಕತ್ತರಿಸಿದೆ. ಪೆಟ್ಟಿಗೆಯನ್ನು ಕೈಯಲ್ಲಿ ಜೋಡಿಸಿ, ಉಜ್ಜಿ, ಎಣ್ಣೆ ಹಚ್ಚಿದೆ.’ ಇದನ್ನು ಬರೆಯಲು ಆರಂಭಿಸಿದಾಗ ಮಾರಾಟ ಬೀಳುತ್ತದೆ ಎಂದು ಹೆದರಿದ್ದೆ. ಬೀಳಲಿಲ್ಲ. ಬದಲಿಗೆ ಜನ ಕೇಳುವ ಪ್ರಶ್ನೆಗಳು ಬದಲಾದವು. ಯಾವ ಮರ, ಎಣ್ಣೆ ಯಾವುದು, ಬೇರೆ ಬಳ್ಳಿ ಬರೆದುಕೊಡುತ್ತೀರಾ ಎಂದು ಕೇಳತೊಡಗಿದರು. ಕೈಕೆಲಸದ ಮಾರಾಟಕ್ಕೆಂದೇ 2005ರಲ್ಲಿ ಶುರುವಾದ ಎಟ್ಸಿ ತಾಣದ ಹಾದಿಯೂ ಇದನ್ನೇ ತೋರಿಸುತ್ತದೆ. 2013ರಲ್ಲಿ ಅದು ಹೊರಗಿನ ತಯಾರಕರ ನೆರವು ಪಡೆಯಲು ಮಾರುವವರಿಗೆ ಅವಕಾಶ ಕೊಟ್ಟಿತು. ಆಗ ಎದ್ದ ಅಸಮಾಧಾನ ಸಣ್ಣದಲ್ಲ. 2024ರಲ್ಲಿ ಮತ್ತೊಂದು ವ್ಯವಸ್ಥೆ ತಂದು, ಮಾರುವವರು ಆ ವಸ್ತುವನ್ನು ತಾವೇ ಮಾಡಿದರೋ, ವಿನ್ಯಾಸವಷ್ಟೇ ಮಾಡಿದರೋ, ಆರಿಸಿ ತಂದರೋ, ಸಾಮಗ್ರಿ ಒದಗಿಸಿದರೋ ಎಂಬುದನ್ನು ಬೇರೆ ಬೇರೆ ಹೆಸರಿನಲ್ಲಿ ತೋರಿಸತೊಡಗಿತು. ಒಂದೇ ಪದದ ಕೆಳಗೆ ಎಲ್ಲವನ್ನೂ ತುಂಬಲು ಆಗದು ಎಂಬುದು ಮಾರುವ ತಾಣಗಳಿಗೂ ಅರ್ಥವಾಗಿದೆ.

ಇನ್ನೊಂದು ಸಲಹೆ, ಇದನ್ನು ಒತ್ತಿ ಹೇಳುತ್ತೇನೆ. ಮಣಿಕಟ್ಟು ಸುಧಾರಿಸಿದ ಮೇಲೆ, ತಿಂಗಳಿಗೆ ಒಂದೋ ಎರಡೋ ಪೆಟ್ಟಿಗೆಯ ಜಾಲರಿಯನ್ನು ಮೊದಲಿನಂತೆಯೇ ಕೈಗರಗಸದಲ್ಲಿ ಕೊರೆಯಿರಿ. ಅದನ್ನು ಪ್ರತ್ಯೇಕವಾಗಿ, ಅದರ ಎರಡು ಗಂಟೆಯ ಪೂರ್ತಿ ಕೂಲಿ ಸೇರಿಸಿ ಮಾರಿ. ಎರಡನ್ನೂ ಅಕ್ಕಪಕ್ಕ ಇಟ್ಟಾಗ ಗ್ರಾಹಕರಿಗೆ ವ್ಯತ್ಯಾಸ ತಾನಾಗಿ ಕಾಣುತ್ತದೆ. ನಿಮ್ಮ ಕೈ ಕಲಿತ ವಿದ್ಯೆಯೂ ಮರೆತುಹೋಗುವುದಿಲ್ಲ.

ಆ ವ್ಯತ್ಯಾಸ ನಿಜಕ್ಕೂ ಕಣ್ಣಿಗೆ ಕಾಣುವಂಥದ್ದು, ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಗರಗಸ ಕೊರೆದ ಅಂಚಿಗೆ ಮರದ್ದೇ ಬಣ್ಣ, ಮೇಲಿಂದ ಕೆಳಗೆ ಅಲಗಿನ ಹಲ್ಲಿನ ಸಣ್ಣ ಗೀರು, ತಿರುವಿನಲ್ಲಿ ಕೂದಲೆಳೆಯಷ್ಟು ನಡುಕ. ಲೇಸರ್ ಮರವನ್ನು ಕತ್ತರಿಸುವುದಿಲ್ಲ, ಸುಟ್ಟು ಆವಿ ಮಾಡುತ್ತದೆ. ಹಾಗಾಗಿ ಅದರ ಅಂಚು ಕಂದು ಅಥವಾ ಕಪ್ಪು, ಗೋಡೆ ನೆಟ್ಟಗೆ, ಒಳಮೂಲೆ ಸೂಜಿಯ ಮೊನೆಯಂತೆ ಚೂಪು. ನಿಮ್ಮ ಹಳೆಯ ಬಳ್ಳಿಯ ಚಿತ್ರವನ್ನೇ ಸ್ಕ್ಯಾನ್ ಮಾಡಿ ಲೇಸರಿಗೆ ಕೊಟ್ಟರೆ ಬರುವುದು ನಿಮ್ಮ ಕೆಲಸದ ಒಣ ನಕಲು. ಗರಗಸದ ನಡುಕದಲ್ಲಿ ಮೃದುವಾಗಿ ಕಾಣುತ್ತಿದ್ದ ಎಲೆ ಇಲ್ಲಿ ಅಚ್ಚಿಗೆ ಹಾಕಿದಂತೆ ಕಾಣುತ್ತದೆ. ಆದ್ದರಿಂದ ಚಿತ್ರವನ್ನು ಲೇಸರಿಗೆಂದೇ ಹೊಸದಾಗಿ ಬರೆಯಿರಿ. ಕೈಗರಗಸದಲ್ಲಿ ಸಾಧ್ಯವಾಗದ ಎಳೆಯಂಥ ಕಾಂಡಗಳನ್ನು ಅದು ಕತ್ತರಿಸಬಲ್ಲದು. ಅಂಚಿನ ಕಂದುಬಣ್ಣವನ್ನು ಕಲೆ ಎಂದು ನೋಡುವ ಬದಲು ಬಳ್ಳಿಗೆ ಎಳೆದ ಹೊರಗೆರೆ ಎಂದು ನೋಡಿ. ನಸುಬಣ್ಣದ ಮರದಲ್ಲಿ ಅದು ಬಹಳ ಚೆನ್ನಾಗಿ ಕೂರುತ್ತದೆ. ಕತ್ತರಿಸಿದ ಮೇಲೆ ಸಣ್ಣ ಉಳಿ ಹಿಡಿದು ಪ್ರತಿ ಎಲೆಯ ಮೇಲಂಚನ್ನು ಒಂದೊಂದೇ ಗೀರಿನಲ್ಲಿ ಇಳಿಜಾರು ಮಾಡಿ. ಈ ಕೆಲಸಕ್ಕೆ ಒಂದು ಮುಚ್ಚಳಕ್ಕೆ ಇಪ್ಪತ್ತು ನಿಮಿಷ ಸಾಕು, ಮಣಿಕಟ್ಟಿಗೂ ಗರಗಸದಷ್ಟು ಶ್ರಮವಿಲ್ಲ. ನೆರಳು ಬೆಳಕು ಎಲೆಯ ಮೇಲೆ ಆಡತೊಡಗುವುದು ಆ ಗೀರಿನಿಂದ. ಕಾಲುಬೆಲೆಗೆ ಮಾರುವವರ ಪೆಟ್ಟಿಗೆಯಲ್ಲಿ ಇದು ಇರುವುದಿಲ್ಲ, ಆ ಬೆಲೆಯಲ್ಲಿ ಇಪ್ಪತ್ತು ನಿಮಿಷ ಕೊಡಲು ಅವರಿಗೆ ಕಟ್ಟುವುದಿಲ್ಲ.

ಸುಟ್ಟ ಅಂಚಿನ ಬಗ್ಗೆ ಎರಡು ಎಚ್ಚರಿಕೆ. ಕರಿಯ ಮೇಲೆ ಅಂಟು ಗಟ್ಟಿಯಾಗಿ ಹಿಡಿಯುವುದಿಲ್ಲ, ಎಣ್ಣೆಯೂ ಒಳಗಿಳಿಯುವುದಿಲ್ಲ. ಅಂಟಿಸುವ ಜಾಗವನ್ನು ಮರ ಕಾಣುವ ತನಕ ಉಜ್ಜಿ. ಹಾಗೆಯೇ ಕತ್ತರಿಸುವ ಮೊದಲು ಹಲಗೆಯ ಎರಡೂ ಮುಖಕ್ಕೆ ಕಾಗದದ ಮಾಸ್ಕಿಂಗ್ ಟೇಪ್ ಹಚ್ಚಿದರೆ ಹೊಗೆಯ ಕಲೆ ಟೇಪಿನ ಮೇಲೆ ಕೂರುತ್ತದೆ, ಮರದ ಮೇಲಲ್ಲ. ಜಾಲರಿಯ ನೂರಾರು ತುಣುಕುಗಳಿಂದ ಟೇಪ್ ಬಿಡಿಸುವುದು ತಾಳ್ಮೆಯ ಕೆಲಸ. ಅದನ್ನೂ ಸಮಯದ ಲೆಕ್ಕದಲ್ಲಿ ಸೇರಿಸಿಕೊಳ್ಳಿ.

ಅಳತೆಯ ವಿಷಯದಲ್ಲಿ ನನಗೆ ದುಬಾರಿ ಪಾಠ ಆಗಿದೆ. ಆರಂಭದ ವರ್ಷದಲ್ಲಿ ನಲವತ್ತು ಪೆಟ್ಟಿಗೆಗಳ ಒಂದು ಬೇಡಿಕೆ ಬಂತು. ಮಾದರಿ ಪೆಟ್ಟಿಗೆ ಚೆನ್ನಾಗಿ ಕೂತಿತ್ತು. ಅದೇ ಫೈಲನ್ನು ಹೊಸ ಪ್ಲೈವುಡ್ ಹಾಳೆಗಳ ಮೇಲೆ ಓಡಿಸಿದೆ. ನಲವತ್ತರಲ್ಲಿ ಒಂದರ ಜಾಲರಿಯೂ ಅದಕ್ಕೆಂದು ಮಾಡಿದ ತೋಡಿನಲ್ಲಿ ಕೂರಲಿಲ್ಲ. ಹಾಳೆಯ ಮೇಲೆ 3 ಮಿಲಿಮೀಟರ್ ಎಂದು ಬರೆದಿದ್ದರೂ ಮೊದಲಿನದು 2.8, ಎರಡನೆಯದು 3.2 ಇತ್ತು. ಅಂದಿನಿಂದ ಪ್ರತಿ ಹಾಳೆಯನ್ನೂ ನಾಲ್ಕು ಕಡೆ ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆದೇ ಯಂತ್ರದೊಳಗೆ ಇಡುತ್ತೇನೆ.

ಎರಡನೆಯ ಅಳತೆ, ಲೇಸರ್ ಸುಟ್ಟು ತಿನ್ನುವ ಗೆರೆಯ ಅಗಲ. ಇದನ್ನು ಕೆರ್ಫ್ ಎನ್ನುತ್ತಾರೆ. ಇದನ್ನು ಕಂಡುಹಿಡಿಯಲು ಒಂದು ಸುಲಭದ ದಾರಿ ಇದೆ. 100 ಮಿಲಿಮೀಟರ್ ಅಗಲದ ಆಯತ ಬರೆದು, ಅದನ್ನು 10 ಮಿಲಿಮೀಟರಿನ ಹತ್ತು ಪಟ್ಟಿಗಳಾಗಿ ಕತ್ತರಿಸಿ. ಹತ್ತನ್ನೂ ಒತ್ತಾಗಿ ಜೋಡಿಸಿ ಅಳೆಯಿರಿ. 98.4 ಬಂದಿತು ಎನ್ನಿ. ಹೋದದ್ದು 1.6, ಹತ್ತರಿಂದ ಭಾಗಿಸಿದರೆ ಒಂದು ಸೀಳಿಗೆ 0.16 ಮಿಲಿಮೀಟರ್. ಕೇಳಲು ಏನೂ ಅಲ್ಲವೆನಿಸುತ್ತದೆ. ಆದರೆ ಹಲ್ಲಿಗೆ ಹಲ್ಲು ಕೂರುವ ಮೂಲೆಯಲ್ಲಿ ಹಲ್ಲು 0.16ರಷ್ಟು ಸಣ್ಣದಾಗುತ್ತದೆ, ಅದು ಕೂರುವ ಸಂದು 0.16ರಷ್ಟು ದೊಡ್ಡದಾಗುತ್ತದೆ, ಒಟ್ಟು 0.32ರ ಸಡಿಲ. ಮೂಲೆ ಲೊಡಲೊಡ ಆಡಲು ಅಷ್ಟು ಸಾಕು. ಹಲ್ಲಿನ ಗೆರೆಯನ್ನು ಎಲ್ಲ ಕಡೆ ಅರ್ಧ ಕೆರ್ಫ್, ಎಂದರೆ 0.08 ಹೊರಕ್ಕೆ, ಸಂದಿನ ಗೆರೆಯನ್ನು ಅಷ್ಟೇ ಒಳಕ್ಕೆ ಸರಿಸಿದರೆ ಎರಡೂ ಸರಿಹೋಗುತ್ತವೆ. ಮರ ಬದಲಾದರೆ, ಮಸೂರ ಕೊಳೆಯಾದರೆ ಈ ಸಂಖ್ಯೆಯೂ ಬದಲಾಗುತ್ತದೆ.

ಗಟ್ಟಿಮರದ ಬಗ್ಗೆ ನಿಮಗೆ ಹೇಳಬೇಕಾಗಿಲ್ಲ, ಆದರೂ ಒಂದು ಮಾತು. ಯಂತ್ರದ ನಿಖರತೆ ಸಿಕ್ಕಾಗ ಮುಚ್ಚಳವನ್ನು ಕೂದಲು ತೂರದಷ್ಟು ಬಿಗಿ ಮಾಡುವ ಆಸೆ ಹುಟ್ಟುತ್ತದೆ. ತೇವ ಕುಡಿದ ಮರ ನಾರಿನ ಅಡ್ಡಕ್ಕೆ ಹಿಗ್ಗುತ್ತದೆ, ಉದ್ದಕ್ಕೆ ಹಿಗ್ಗುವುದು ತೀರ ಕಡಿಮೆ. ಒಣಹವೆಯಲ್ಲಿ ಮಾಡಿದ ಬಿಗಿಯಾದ ಮುಚ್ಚಳ ಮಳೆಯ ದಿನಗಳಲ್ಲಿ ಗ್ರಾಹಕರ ಮನೆಯಲ್ಲಿ ಕಚ್ಚಿಕೊಳ್ಳುತ್ತದೆ. ಬೆರಳು ಹೇಳಿದಷ್ಟೇ ಸಡಿಲ ಬಿಡಿ.

ಈಗ ಅಪಾಯದ ವಿಷಯ. ಇದರಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ರೆಕ್ಸಿನ್, ಪಿವಿಸಿ ಹಾಳೆ, ವಿನೈಲ್ ಸ್ಟಿಕ್ಕರ್ ಇವು ಯಾವುವೂ ಲೇಸರಿನೊಳಗೆ ಹೋಗಬಾರದು. ಪೆಟ್ಟಿಗೆಯ ಒಳಗೆ ಅಂಟಿಸಲು ರೆಕ್ಸಿನ್ ಕತ್ತರಿಸೋಣ ಎಂದು ನಿಮಗೂ ಅನ್ನಿಸಬಹುದು, ಅದಕ್ಕೇ ಹೇಳುತ್ತಿದ್ದೇನೆ. ಇವುಗಳಲ್ಲಿ ಸಾಮಾನ್ಯವಾಗಿ ಇರುವ ಪಿವಿಸಿ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ. ಅದು ತೇವದ ಜೊತೆ ಸೇರಿ ಆಮ್ಲವಾಗುತ್ತದೆ, ಶ್ವಾಸಕೋಶವನ್ನೂ ಸುಡುತ್ತದೆ, ಯಂತ್ರದ ಕಬ್ಬಿಣವನ್ನೂ ತಿನ್ನುತ್ತದೆ. ಹೀಗೆ ಹಳಿಗಳೆಲ್ಲ ತುಕ್ಕು ಹಿಡಿದ ಯಂತ್ರವೊಂದನ್ನು ಕಣ್ಣಾರೆ ಕಂಡಿದ್ದೇನೆ. ಒಳಪದರಕ್ಕೆ ಉಣ್ಣೆಯ ಫೆಲ್ಟ್ ಬಳಸಿ. ಚರ್ಮವೇ ಬೇಕೆಂದರೆ ಮರದ ತೊಗಟೆಯ ರಸದಲ್ಲಿ ಹದ ಮಾಡಿದ್ದನ್ನು ಆರಿಸಿ, ಕ್ರೋಮಿಯಂ ಹಾಕಿ ಹದ ಮಾಡಿದ್ದು ಬೇಡ. ಏನೆಂದು ಗೊತ್ತಿಲ್ಲದ ಪ್ಲಾಸ್ಟಿಕ್ಕನ್ನು ಕತ್ತರಿಸಲೇಬೇಡಿ. ಎಂಡಿಎಫ್ (ಮರದ ನಾರನ್ನು ಅಂಟಿನೊಡನೆ ಒತ್ತಿ ಮಾಡಿದ ಹಲಗೆ) ಮತ್ತು ಪ್ಲೈವುಡ್ ಕತ್ತರಿಸುವಾಗ ಅವುಗಳ ಅಂಟೂ ಉರಿಯುತ್ತದೆ, ಹೊಗೆ ನೇರವಾಗಿ ಕಟ್ಟಡದ ಹೊರಗೆ ಹೋಗುವ ಕೊಳವೆ ಇರಲೇಬೇಕು.

ಲೇಸರ್ ಓಡುತ್ತಿರುವಾಗ ಅದರ ಪಕ್ಕದಿಂದ ಏಳಬೇಡಿ. ಫೋನ್ ಬಂದರೂ, ಬಾಗಿಲು ಬಡಿದರೂ ಮೊದಲು ಯಂತ್ರ ನಿಲ್ಲಿಸಿ. ಜಾಲರಿಯಂಥ ಕೆಲಸದಲ್ಲಿ ಗೆರೆಗಳು ಹತ್ತಿರ ಹತ್ತಿರ ಇರುವುದರಿಂದ ಶಾಖ ಒಂದೇ ಕಡೆ ಸೇರಿ ಬೆಂಕಿ ಹತ್ತುವುದು ಸುಲಭ. ಆರಿಸುವ ಸಾಧನ ಕೈಗೆಟುಕುವಂತಿರಲಿ. ಇದಕ್ಕೆ ಸೇರಿದ್ದಲ್ಲದಿದ್ದರೂ ಇನ್ನೊಂದು ಮಾತು: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ. ಆ ಎಣ್ಣೆ ಒಣಗುವಾಗ ಶಾಖ ಬಿಡುತ್ತದೆ, ಮುದ್ದೆಯೊಳಗೆ ಅದು ಸೇರಿ ತಾನಾಗಿಯೇ ಉರಿ ಹತ್ತುತ್ತದೆ. ಬಟ್ಟೆಯನ್ನು ಬಯಲಲ್ಲಿ ಒಂಟಿ ಪದರವಾಗಿ ಹರಡಿ ಒಣಗಿಸಿ.

ಯಂತ್ರ ಕೊಳ್ಳಬೇಡಿ ಎಂದೆನಲ್ಲ, ಅದಕ್ಕೆ ಕಾರಣ ನಿಮ್ಮ ಲೆಕ್ಕದಲ್ಲೇ ಇದೆ. ತಿಂಗಳಿಗೆ ಹನ್ನೆರಡು ಜಾಲರಿ, ಒಂದಕ್ಕೆ ಲೇಸರ್ ಓಡುವುದು ಎಂಟು ನಿಮಿಷ ಎಂದಿಟ್ಟುಕೊಂಡರೂ ತಿಂಗಳಿಗೆ ಸುಮಾರು ಒಂದೂವರೆ ಗಂಟೆಯ ಕೆಲಸ. ಅದಕ್ಕಾಗಿ ಯಂತ್ರ, ಹೊಗೆ ಕೊಳವೆ, ಜಾಗ, ರಿಪೇರಿ ಎಂದು ಹಣ ಹೂಡಿದರೆ ಮೂಗಿಗಿಂತ ಮೂಗುತಿ ಭಾರವಾಗುತ್ತದೆ. ಕೂಲಿಗೆ ಲೇಸರ್ ಕತ್ತರಿಸಿಕೊಡುವವರ ಹತ್ತಿರ ಫೈಲ್ ಕೊಟ್ಟು ಮಾಡಿಸಿಕೊಳ್ಳಿ. ಅಮೆರಿಕದ ಎಂಐಟಿಯಲ್ಲಿ ಹುಟ್ಟಿ ಈಗ ಬಹಳ ದೇಶಗಳಿಗೆ ಹಬ್ಬಿರುವ ಫ್ಯಾಬ್ ಲ್ಯಾಬ್‌ಗಳಂಥ ಸಾರ್ವಜನಿಕ ಕಾರ್ಯಾಗಾರ ಹತ್ತಿರವಿದ್ದರೆ ಇನ್ನೂ ಒಳ್ಳೆಯದು, ಅಲ್ಲಿ ನೀವೇ ಯಂತ್ರದ ಮುಂದೆ ನಿಂತು ಕಲಿಯಬಹುದು. ಆರು ತಿಂಗಳು ಹೀಗೆ ನಡೆಸಿದ ಮೇಲೆ, ಕತ್ತರಿಸುವ ಕೂಲಿಗಿಂತ ಓಡಾಟವೇ ಹೆಚ್ಚಾಯಿತು ಎನಿಸಿದರೆ ಆಗ ಕೊಳ್ಳಿ.

ಆಗ ಎರಡು ಬಗೆಯ ಯಂತ್ರಗಳು ಎದುರಾಗುತ್ತವೆ. ಅಗ್ಗದ್ದು ನೀಲಿ ಬೆಳಕಿನ ಡಯೋಡ್ ಲೇಸರ್. ಅದರ ಬೆಳಕಿನ ತರಂಗಾಂತರ ಸುಮಾರು 450 ನ್ಯಾನೋಮೀಟರ್. ತೆಳು ಮರ ಕತ್ತರಿಸುತ್ತದೆ, ಆದರೆ ಪಾರದರ್ಶಕ ಅಕ್ರಿಲಿಕ್ ಕತ್ತರಿಸುವುದಿಲ್ಲ, ನೀಲಿ ಬೆಳಕು ಅದರ ಮೂಲಕ ಸುಮ್ಮನೆ ಹಾದುಹೋಗುತ್ತದೆ. ಇನ್ನೊಂದು ಕಾರ್ಬನ್ ಡೈಆಕ್ಸೈಡ್ ಲೇಸರ್, 1964ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಕುಮಾರ್ ಪಟೇಲ್ ಕಂಡುಹಿಡಿದದ್ದು. ಅದರ ತರಂಗಾಂತರ 10,600 ನ್ಯಾನೋಮೀಟರ್, ಕಣ್ಣಿಗೆ ಕಾಣದ ಬೆಳಕು. ಮರ, ಅಕ್ರಿಲಿಕ್, ಕಾಗದ ಎಲ್ಲವೂ ಅದನ್ನು ಹೀರಿಕೊಳ್ಳುತ್ತವೆ. ಜಾಲರಿಯ ಕೆಲಸಕ್ಕೆ ನನ್ನ ಮತ ಎರಡನೆಯದಕ್ಕೆ. ಸುತ್ತಲೂ ಮುಚ್ಚಿಲ್ಲದ, ಚೌಕಟ್ಟು ಮಾತ್ರ ಇರುವ ಡಯೋಡ್ ಯಂತ್ರವನ್ನು ಮಕ್ಕಳಿರುವ ಮನೆಗೆ ತರಲೇಬೇಡಿ. ಒಂದು ಹೊಳಪು ಮೊಳೆಯಿಂದ ಸಿಡಿದ ನೀಲಿ ಕಿರಣ ಸಾಕು, ಅಕ್ಷಿಪಟಲಕ್ಕೆ ಆದ ಗಾಯ ಮಾಯುವುದಿಲ್ಲ. ಯಾವುದನ್ನೇ ಕೊಂಡರೂ ಅಂತರ್ಜಾಲ ಇಲ್ಲದಿದ್ದರೆ, ಕಂಪನಿಯ ಖಾತೆ ಇಲ್ಲದಿದ್ದರೆ ಓಡುವುದೇ ಇಲ್ಲ ಎನ್ನುವ ಯಂತ್ರದಿಂದ ದೂರವಿರಿ. ಚಿತ್ರಗಳನ್ನು ಇಂಕ್‌ಸ್ಕೇಪ್‌ನಂಥ ಉಚಿತ ತಂತ್ರಾಂಶದಲ್ಲಿ ಬರೆದು ಎಸ್‌ವಿಜಿ ಫೈಲಾಗಿ (ಗೆರೆಚಿತ್ರಗಳನ್ನು ಉಳಿಸುವ ಒಂದು ಮುಕ್ತ ಮಾದರಿ) ನಿಮ್ಮಲ್ಲೇ ಉಳಿಸಿಕೊಳ್ಳಿ. ಯಂತ್ರ ಬದಲಾದರೂ ಬಳ್ಳಿ ನಿಮ್ಮದಾಗಿಯೇ ಇರುತ್ತದೆ.

ತ್ರೀಡಿ ಪ್ರಿಂಟರ್ ಬಗ್ಗೆ ನೀವು ಕೇಳಿಲ್ಲ, ಆದರೂ ಅದರ ಒಂದು ಬಳಕೆ ನಿಮಗೆ ಹೇಳಿ ಮಾಡಿಸಿದಂತಿದೆ. ಮಾರುವ ವಸ್ತುವನ್ನು ಅದರಲ್ಲಿ ಮಾಡುವ ಬದಲು, ಕೆಲಸ ಮಾಡುವಾಗ ಮರವನ್ನು ಹಿಡಿದಿಡುವ ಅಚ್ಚುಗಳನ್ನು ಮಾಡಿಕೊಳ್ಳಿ. ರಂಧ್ರ ಎಲ್ಲಿ ಬರಬೇಕೋ ಅಲ್ಲಿಗೆ ಬೈರಿಗೆಯನ್ನು ನಡೆಸುವ ಒಂದು ಸಣ್ಣ ಮಾರ್ಗದರ್ಶಿ ತುಂಡು ಅರ್ಧ ದಿನದ ಗುರುತು ಹಾಕುವ ಕೆಲಸವನ್ನು ಉಳಿಸುತ್ತದೆ. ಸಾಮಾನ್ಯವಾಗಿ ಬಳಸುವ ಪಿಎಲ್‌ಎ ಪ್ಲಾಸ್ಟಿಕ್ 60 ಡಿಗ್ರಿ ಸೆಲ್ಸಿಯಸ್ ಹತ್ತಿರ ಮೆತ್ತಗಾಗುತ್ತದೆ, ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಟ್ಟರೆ ಸೊಟ್ಟಗಾಗುತ್ತದೆ ಎಂಬುದು ನೆನಪಿರಲಿ.

ಬೆಲೆಗೆ ಬರೋಣ. ಕಾಲುಬೆಲೆಯ ಪೆಟ್ಟಿಗೆಗಳನ್ನು ನೋಡಿ ನಿಮ್ಮ ಬೆಲೆ ಇಳಿಸಬೇಡಿ. ಲೇಸರ್ ಬಂದರೆ ಸಮಯ ಉಳಿಯುತ್ತದೆ, ಆದ್ದರಿಂದ ಅಗ್ಗಕ್ಕೆ ಕೊಡಬಹುದು ಎಂಬ ಯೋಚನೆ ಎಲ್ಲರಿಗೂ ಬರುತ್ತದೆ. ಆ ದಾರಿಯಲ್ಲಿ ನಿಮಗಿಂತ ದೊಡ್ಡ ಯಂತ್ರ ಇರುವವರೇ ಯಾವಾಗಲೂ ಗೆಲ್ಲುತ್ತಾರೆ. ಎರಡು ಗಂಟೆಯ ಜಾಲರಿ ಈಗ ಟೇಪ್ ಹಚ್ಚಿ, ಕತ್ತರಿಸಿ, ಬಿಡಿಸಿ, ಒರೆಸುವುದೂ ಸೇರಿ ನಲವತ್ತು ನಿಮಿಷ ಆದೀತು. ಉಳಿದದ್ದು ಎಂಬತ್ತು ನಿಮಿಷ. ಅದರಲ್ಲಿ ಇಪ್ಪತ್ತನ್ನು ಎಲೆಯ ಅಂಚಿಗೆ ಕೊಡಿ, ಹತ್ತನ್ನು ಮುಚ್ಚಳಕ್ಕೆ ಕೊಡಿ, ಉಳಿದ ಐವತ್ತನ್ನು ನೀವು ಇಟ್ಟುಕೊಳ್ಳಿ. ಹನ್ನೆರಡು ಪೆಟ್ಟಿಗೆಗೆ ಅದು ಹತ್ತು ಗಂಟೆ. ಆ ಹತ್ತು ಗಂಟೆಯಲ್ಲಿ ಇನ್ನೂ ಎರಡು ಪೆಟ್ಟಿಗೆ ಮಾಡಬಹುದು, ಅಥವಾ ಮಣಿಕಟ್ಟಿಗೆ ವಿರಾಮ ಕೊಟ್ಟು ಹೊಸ ಬಳ್ಳಿ ಬರೆಯಬಹುದು.

ಬೆಲೆ ಕಟ್ಟುವಾಗ ಮರ, ಎಣ್ಣೆ, ಕತ್ತರಿಸಿದ ಕೂಲಿ, ನಿಮ್ಮ ಗಂಟೆಯ ಕೂಲಿ ಇವೆಲ್ಲ ಸಾಮಾನ್ಯವಾಗಿ ಲೆಕ್ಕಕ್ಕೆ ಬರುತ್ತವೆ. ಬಿಟ್ಟುಹೋಗುವುದು ಕೆಟ್ಟುಹೋದ ತುಂಡುಗಳು, ಡಬ್ಬ ಮತ್ತು ಪ್ಯಾಕಿಂಗ್, ಫೋಟೋ ತೆಗೆದು ಸಂದೇಶಗಳಿಗೆ ಉತ್ತರಿಸಿದ ಸಮಯ. ನನ್ನ ಲೆಕ್ಕದ ಪುಸ್ತಕದಲ್ಲಿ ಈ ಕೊನೆಯದ್ದೇ ಪೆಟ್ಟಿಗೆಗೆ ಮೂವತ್ತೈದು ನಿಮಿಷ. ಮಾರುವ ತಾಣದ ಕಮಿಷನ್ ಸೇರಿಸುವಾಗ ಬಹಳ ಮಂದಿ ತಪ್ಪುತ್ತಾರೆ. ಕೈಗೆ 900 ಬರಬೇಕು, ಕಮಿಷನ್ ಶೇಕಡ 10 ಎಂದರೆ, 900ಕ್ಕೆ ಶೇಕಡ 10 ಕೂಡಿಸಿ 990 ಎಂದು ಬರೆದರೆ ಕೈಗೆ ಸಿಗುವುದು 891. ಕಮಿಷನ್ ಕಡಿಯುವುದು ಮಾರಿದ ಬೆಲೆಯ ಮೇಲೆ, ಆದ್ದರಿಂದ 900ನ್ನು 0.9ರಿಂದ ಭಾಗಿಸಿ 1000 ಎನ್ನಬೇಕು. ಮುಂದೆ ಅಂಗಡಿಯವರ ಮೂಲಕ ಮಾರುವ ಆಲೋಚನೆ ಇದ್ದರೆ ಅವರು ಮಾರುವ ಬೆಲೆಯ ಅರ್ಧದವರೆಗೂ ಕೇಳುತ್ತಾರೆ. ಆ ಅರ್ಧವನ್ನು ಬಿಟ್ಟುಕೊಟ್ಟರೂ ನಿಮ್ಮ ಕೂಲಿ ಉಳಿಯುವಂತೆ ಇವತ್ತಿನ ಬೆಲೆಯನ್ನೇ ಕಟ್ಟಿಕೊಳ್ಳಿ. ಆಮೇಲೆ ಒಮ್ಮೆಗೇ ಏರಿಸಿದರೆ ಹಳೆಯ ಗ್ರಾಹಕರಿಗೆ ವಂಚನೆಯಾದಂತೆ ಅನ್ನಿಸುತ್ತದೆ.

ಅಗ್ಗದ ಪೆಟ್ಟಿಗೆಯೂ ನಿಮ್ಮದೂ ಫೋಟೋದಲ್ಲಿ ಒಂದೇ ರೀತಿ ಕಾಣುತ್ತಿದ್ದರೆ ತಪ್ಪು ಫೋಟೋದ್ದು. ಕಿಟಕಿಯ ಪಕ್ಕ, ಬೆಳಕು ಒಂದು ಬದಿಯಿಂದ ಬೀಳುವಂತೆ ಪೆಟ್ಟಿಗೆ ಇಡಿ, ಕೋಣೆಯ ದೀಪ ಆರಿಸಿ. ಬದಿಯ ಬೆಳಕಿನಲ್ಲಿ ಎಲೆಯ ಇಳಿಜಾರು ಎದ್ದು ಕಾಣುತ್ತದೆ, ಮುಂದಿನಿಂದ ಫ್ಲ್ಯಾಶ್ ಹಾಕಿದರೆ ಎಲ್ಲವೂ ಚಪ್ಪಟೆಯಾಗುತ್ತದೆ. ಒಂದು ಚಿತ್ರದಲ್ಲಿ ನಿಮ್ಮ ಕೈ ಇರಲಿ, ಗಾತ್ರ ತಿಳಿಯುತ್ತದೆ. ಮುಚ್ಚಳ ತಾನಾಗಿ ಇಳಿಯುವ ಹತ್ತು ಸೆಕೆಂಡಿನ ವಿಡಿಯೋ ಒಂದನ್ನು ಹಾಕಿ. ನಿಮ್ಮ ಪೆಟ್ಟಿಗೆಯ ಪರವಾಗಿ ಅದಕ್ಕಿಂತ ಚೆನ್ನಾಗಿ ಮಾತಾಡುವುದು ಬೇರೆ ಯಾವುದೂ ಇಲ್ಲ.

ಕೃತಕ ಬುದ್ಧಿಮತ್ತೆಯ ಸಾಧನಗಳನ್ನು ಲೆಕ್ಕಪತ್ರಕ್ಕೆ, ಬೇರೆ ಭಾಷೆಯ ಗ್ರಾಹಕರ ಸಂದೇಶ ಅರ್ಥ ಮಾಡಿಕೊಳ್ಳಲು ಬಳಸಿ, ನಾನೂ ಬಳಸುತ್ತೇನೆ. ವಸ್ತುವಿನ ವಿವರಣೆಯನ್ನು ಮಾತ್ರ ನೀವೇ ಬರೆಯಿರಿ. ಈ ಮರದ ಗಂಟು ಯಾಕೆ ಉಳಿಸಿದಿರಿ ಎಂಬುದು ನಿಮಗಷ್ಟೇ ಗೊತ್ತು. ಪೆಟ್ಟಿಗೆಯ ಚಿತ್ರವನ್ನು ಅದರಿಂದ ಮಾಡಿಸಿ ಹಾಕಬೇಡಿ, ಅದು ಇಲ್ಲದ ವಸ್ತುವನ್ನು ತೋರಿಸಿ ಮಾರಿದಂತೆ. ಬಳ್ಳಿಯ ವಿನ್ಯಾಸವನ್ನು ಅದರ ಕೈಯಲ್ಲಿ ಬರೆಸಿದರೆ ಇನ್ನೊಂದು ತೊಡಕು ಇದೆ. ಮನುಷ್ಯ ಕರ್ತೃವೇ ಇಲ್ಲದ ಚಿತ್ರಕ್ಕೆ ಕೃತಿಸ್ವಾಮ್ಯ ಸಿಗದು ಎಂದು 2025ರ ಮಾರ್ಚ್‌ನಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದು ಹೇಳಿದೆ. ನಾಳೆ ಯಾರಾದರೂ ಅದನ್ನು ನಕಲು ಮಾಡಿದರೆ ನಿಮ್ಮದು ಎಂದು ಹೇಳುವುದೇ ಕಷ್ಟವಾದೀತು. ನೀವು ಪೆನ್ಸಿಲಿನಲ್ಲಿ ಬರೆದ ಕರಡುಗಳನ್ನು ದಿನಾಂಕ ಹಾಕಿ ಜೋಪಾನ ಮಾಡಿ.

ಮೊದಲ ಹೆಜ್ಜೆಯಾಗಿ ಒಂದೇ ಒಂದು ಬಳ್ಳಿಯನ್ನು ಲೇಸರಿಗೆಂದು ಹೊಸದಾಗಿ ಬರೆದು, ಕೂಲಿಗೆ ಐದು ಜಾಲರಿ ಕತ್ತರಿಸಿ ತನ್ನಿ. ಕೆರ್ಫ್ ಅಳೆಯುವ ಹತ್ತು ಪಟ್ಟಿಯ ಫೈಲನ್ನೂ ಜೊತೆಗೇ ಕೊಡಿ. ಐದರಲ್ಲಿ ಎರಡು ಹಾಳಾದರೂ ಬೇಸರ ಬೇಡ. ಉಳಿದ ಮೂರನ್ನು ಉಳಿಯಿಂದ ತಿದ್ದಿ, ಪೆಟ್ಟಿಗೆಗೆ ಕೂರಿಸಿ, ನಿಮ್ಮ ಹಳೆಯ ಪೆಟ್ಟಿಗೆಯ ಪಕ್ಕದಲ್ಲಿ ಒಂದು ವಾರ ಇಟ್ಟುಕೊಂಡು ನೋಡುತ್ತಿರಿ. ನಿಮ್ಮ ಕೈಯ ಕೆಲಸ ಗೊತ್ತಿರುವ ಒಬ್ಬ ಹಳೆಯ ಗ್ರಾಹಕರಿಗೂ ಕೊಟ್ಟು, ಕಣ್ಣು ಮುಚ್ಚಿ ಮುಚ್ಚಳ ತೆಗೆದು ಹಾಕಲು ಹೇಳಿ. ಅವರ ಬೆರಳಿಗೆ ಅದು ಮೊದಲಿನ ಪೆಟ್ಟಿಗೆಯಂತೆಯೇ ಅನ್ನಿಸಿದರೆ ಆರನೆಯ ಜಾಲರಿಯನ್ನು ಕತ್ತರಿಸಲು ಕೊಡಿ.